ಮನೆಯ ಆರ್ಚಿ, ಭಾಗ 3: ವರ್ಷ ಎಲ್ಲಿ ಹೋಯ್ತು?

ಎಫ್‌ಟಿಪಿ ಸೈಟುಗಳಲ್ಲಿ (ಇಂಟರ್ನೆಟ್‌ನಲ್ಲಿ ಫೈಲು ಹಂಚುವ ಕಂಪ್ಯೂಟರ್‌ಗಳು) ಫೈಲು ಹುಡುಕಿಕೊಡುತ್ತಿದ್ದ ಹಳೆ ಸರ್ಚ್ ಎಂಜಿನ್ ಆರ್ಚಿಯನ್ನು ಮನೆಯಲ್ಲೇ ಮತ್ತೆ ಕಟ್ಟುತ್ತಿದ್ದೇನೆ. ಕಡೆಗೂ ಸರಿಯಾಯ್ತು. ಈಗ ಟೆಲ್ನೆಟ್‌ನಲ್ಲಿ (ದೂರದ ಕಂಪ್ಯೂಟರಿಗೆ ಅಕ್ಷರ ಹೊಡೆದು ಕೆಲಸ ಹೇಳುವ ಹಳೆ ದಾರಿ) ಒಳಗೆ ಹೋಗಿ 'ಪ್ರಾಗ್' (prog, ಹುಡುಕುವ ಆದೇಶ) ಜೊತೆ ಫೈಲಿನ ಹೆಸರು ಹೊಡೆದರೆ ಸೈಟು, ಡೈರೆಕ್ಟರಿ, ಸೈಜಿನ ಪಕ್ಕದಲ್ಲಿ ಸರಿಯಾದ ವರ್ಷವೂ ಬರುತ್ತದೆ. ಆ ಒಂದು ಕಾಲಮ್ಮು ನನ್ನ ಜೀವ ತಿಂದಿತ್ತು. ಇಂಡೆಕ್ಸ್ (ಹೆಸರುಗಳ ಸೂಚಿ), ರೆಗೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ಸೂತ್ರ) ಎಲ್ಲ ನೀವೇ ಮಾಡಿಕೊಳ್ಳುತ್ತೀರಿ, ಬಿಡಿ.

1990ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಆಲನ್ ಎಮ್ಟೇಜ್ ಶುರು ಮಾಡಿದ ಆರ್ಚಿಗೆ ಈ ತಲೆನೋವು ಇರಲಿಲ್ಲ. ಅನಾನಿಮಸ್ (ಯಾರು ಬೇಕಾದರೂ ಒಳಗೆ ಹೋಗಬಹುದಾದ) ಎಫ್‌ಟಿಪಿ ಸೈಟುಗಳ ಫೈಲು ಪಟ್ಟಿಯನ್ನು ಅದು ತಾನೇ ಹೋಗಿ ತರುತ್ತಿತ್ತು. ಹಾಗಾಗಿ ಯಾವುದು ಯಾವ ದಿನದ ಪಟ್ಟಿ ಅಂತ ಅದಕ್ಕೆ ಗೊತ್ತಿತ್ತು. ನನ್ನ ಹತ್ತಿರ ಇರುವುದು ಹಳೆ ಶೇರ್‌ವೇರ್ (ಮೊದಲು ಬಳಸಿ ನೋಡಿ ಆಮೇಲೆ ದುಡ್ಡು ಕೊಡುವ ಸಾಫ್ಟ್‌ವೇರ್) ಸಿಡಿಗಳಲ್ಲಿ ಉಳಿದ ಎಲ್‌ಎಸ್-ಎಲ್‌ಆರ್ (ls-lR) ಫೈಲುಗಳು, ಅಂದರೆ ಇಡೀ ಸೈಟಿನ ಫೈಲು ಪಟ್ಟಿಗಳು. ಅವುಗಳ ಮೇಲಿರುವ ದಿನಾಂಕ ಸಿಡಿ ಮಾಡಿದವರದ್ದು, ಪಟ್ಟಿಯದ್ದಲ್ಲ.

ಸಿಡಿ ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. 1993ರ ಸೆಟ್ ಅಂತ ಫೋಟೋ ಹಾಕಿದ್ದ ಒಬ್ಬ ಮಹಾನುಭಾವ ಕಳಿಸಿದ್ದು ಮೊಬೈಲ್ ರಿಂಗ್‌ಟೋನ್ ಸಿಡಿ. ವಾಪಸ್ ಕೇಳಿದರೆ 'ಇದೂ ವಿಂಟೇಜೇ ಸರ್' ಎಂದ!

ಸರಿ, ವಿಷಯಕ್ಕೆ ಬರೋಣ. ಫೈಲು ಆರು ತಿಂಗಳಿಗಿಂತ ಹಳೆಯದಾದರೆ ಎಲ್‌ಎಸ್ (ಈ ಪಟ್ಟಿ ಮಾಡುವ ಆದೇಶ) 'ನವೆಂಬರ್ 14 1992' ಎನ್ನುತ್ತದೆ. ಹೊಸದಾದರೆ 'ನವೆಂಬರ್ 14 10:22'. ಗಂಟೆ, ನಿಮಿಷ ಸಮೇತ ಎಲ್ಲ ಇದೆ, ವರ್ಷ ಒಂದು ಬಿಟ್ಟು. ಟರ್ಮಿನಲ್ ಮುಂದೆ ಕೂತ ಮನುಷ್ಯನಿಗೆ ಅಷ್ಟು ಸಾಕು. ಮೂವತ್ತು ವರ್ಷ ಆದಮೇಲೆ ಓದುವವನ ಗತಿ ಏನು? 1985ರ ಎಫ್‌ಟಿಪಿ ನಿಯಮಾವಳಿಯೂ ಪಟ್ಟಿ ಹೀಗೇ ಇರಬೇಕು ಅಂತ ಎಲ್ಲೂ ಹೇಳಿಲ್ಲ. ಯಂತ್ರ ಓದುವಂಥ ಪಟ್ಟಿಗೆ ನಿಯಮ ಬಂದಿದ್ದು 2007ರಲ್ಲಿ. ಅಷ್ಟರಲ್ಲಿ ಆರ್ಚಿಯ ಕಾಲವೇ ಮುಗಿದಿತ್ತು.

ಮೊದಲು ಹೊಳೆದ ಉಪಾಯ ಸರಳ. ವರ್ಷ ಇರುವ ಸಾಲುಗಳಲ್ಲಿ ತೀರಾ ಹೊಸದು 1993ರ ಮಾರ್ಚ್ 2 ಅಂತ ಇಟ್ಟುಕೊಳ್ಳಿ. ಅದಕ್ಕೆ ಆರು ತಿಂಗಳು ಸೇರಿಸಿದರೆ ಪಟ್ಟಿ ಹೆಚ್ಚುಕಡಿಮೆ ಸೆಪ್ಟೆಂಬರ್ ಶುರುವಿನದ್ದು. ಆದರೆ ಗಡಿಯಾರ ಕೆಟ್ಟ ಯಾವುದೋ ಮಿಷಿನ್ನಿಂದ ಬಂದ ಒಂದು ಫೈಲು 2023 ಅಂತ ಕೂತಿದ್ದರೆ ಲೆಕ್ಕ ಅಲ್ಲಿಗೆ ಮಗುಚಿತು. ಇನ್ನೂ ತಮಾಷೆ ನೋಡಿ, ಮುಂದಿನ ದಿನಾಂಕದ ಫೈಲಿಗೆ ಕೆಲವು ಎಲ್‌ಎಸ್‌ಗಳು ವರ್ಷ ತೋರಿಸುತ್ತವೆ, ಕೆಲವು ಗಂಟೆ ತೋರಿಸುತ್ತವೆ. ಹಳೆ ಬಿಎಸ್‌ಡಿ (ಒಂದು ಬಗೆಯ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್) ಪಟ್ಟಿಯಲ್ಲಂತೂ ಸೈಜಿಗೆ ಮುಂಚೆ ಬರಬೇಕಾದ ಗ್ರೂಪ್ (ಫೈಲು ಯಾವ ಬಳಕೆದಾರರ ಗುಂಪಿನದ್ದು ಅನ್ನುವ) ಕಾಲಮ್ಮೇ ಇಲ್ಲ. ಸ್ಪೇಸ್ ಎಣಿಸಿ ಕತ್ತರಿಸುವ ಪಾರ್ಸರ್ (ಸಾಲನ್ನು ಬಿಡಿಸಿ ಓದುವ ಪ್ರೋಗ್ರಾಮ್) ತಿಂಗಳನ್ನು ಸೈಜು ಅಂದುಕೊಳ್ಳುತ್ತದೆ.

ದಾರಿ ತೋರಿಸಿದ್ದು ಖಾಲಿ ಜಾಗ. ವರ್ಷವನ್ನು ಬಳೆಯ ಹಾಗೆ ದುಂಡಗೆ ಮಾಡಿ, ಗಂಟೆ ಇರುವ ಸಾಲುಗಳನ್ನು ಅದರ ಮೇಲೆ ಪೋಣಿಸಿದೆ. ಫೈಲುಗಳೆಲ್ಲ ಅರ್ಧ ಬಳೆಯಲ್ಲೇ ಗುಂಪು ಕಟ್ಟುತ್ತವೆ. ಉಳಿದರ್ಧ ಖಾಲಿ. ಗುಂಪು ಮುಗಿದು ಖಾಲಿ ಶುರುವಾಗುವ ಜಾಗವೇ ಪಟ್ಟಿ ಮಾಡಿದ ದಿನ! ಖಾಲಿಯ ನಡುವೆ ಒಂಟಿಯಾಗಿ ಕೂತವು ಗಡಿಯಾರ ಕೆಟ್ಟವು, ಅವನ್ನು ಸುಮ್ನೆ ಎತ್ತಿ ಆಚೆ ಇಡಿ. ವರ್ಷಕ್ಕೂ ಅದೇ ಉಪಾಯ: ಗುಂಪಿನಿಂದ ದೂರ ಇರುವ 2023ರಂಥವನ್ನು ಬಿಟ್ಟು, ವರ್ಷ ಇರುವ ಸಾಲುಗಳಲ್ಲಿ ಹೊಸದನ್ನು ನೋಡಿದರೆ ಯಾವ ವರ್ಷ ಅಂತ ಗೊತ್ತಾಗುತ್ತದೆ. ಗುಂಪು ಡಿಸೆಂಬರ್ ದಾಟಿದ್ದರೆ ದಾಟಿದ ಭಾಗಕ್ಕೆ ಒಂದು ವರ್ಷ ಜಾಸ್ತಿ.

ಒಂದು ಪಟ್ಟಿಯಲ್ಲಿ 'ಫೆಬ್ರವರಿ 29 13:05' ಸಿಕ್ಕಾಗ ಕುಣಿದಾಡಿದೆ. 1990ರಿಂದ 1995ರ ಒಳಗೆ ಆ ದಿನ ಬಂದಿದ್ದು 1992ರಲ್ಲಿ ಮಾತ್ರ ಅಲ್ವಾ? ನನ್ನ ಲೆಕ್ಕವೂ 1992 ಅಂತಲೇ ಹೇಳಿತ್ತು.

ಮುಂದಿನ ಗುರಿ ವೆರೋನಿಕಾ. 1992ರಲ್ಲಿ ನೆವಾಡಾ ವಿಶ್ವವಿದ್ಯಾಲಯದ ರೀನೋ ಕ್ಯಾಂಪಸ್ಸಿನಲ್ಲಿ ಹುಟ್ಟಿದ ಇದು ಗೋಫರ್ (ಮೆನುಗಳ ಮೂಲಕ ಮಾಹಿತಿ ತೆರೆಯುವ ಹಳೆ ಇಂಟರ್ನೆಟ್ ವ್ಯವಸ್ಥೆ) ಮೆನುಗಳ ಶೀರ್ಷಿಕೆ ಹುಡುಕುತ್ತಿತ್ತು. ಗೋಫರ್ ಮೆನು ಎಂದರೆ ಟ್ಯಾಬ್ ಹಾಕಿ ಬೇರೆ ಮಾಡಿದ ಅಚ್ಚುಕಟ್ಟು ಸಾಲುಗಳು. ವಿಧ, ಹೆಸರು, ಸೆಲೆಕ್ಟರ್ (ಸರ್ವರಿನೊಳಗೆ ಅದರ ವಿಳಾಸ), ಹೋಸ್ಟ್ (ಸರ್ವರಿನ ಹೆಸರು), ಪೋರ್ಟು (ಸರ್ವರಿನ ಬಾಗಿಲ ಸಂಖ್ಯೆ), ಅಷ್ಟೇ. ದಿನಾಂಕ ಇಲ್ಲವೇ ಇಲ್ಲ! ಎಂಥ ನೆಮ್ಮದಿ. ಗೋಫರ್ ಬಳಸುವ 70ನೇ ಪೋರ್ಟನ್ನು ಈಗಲೇ ತೆರೆದಿಟ್ಟಿದ್ದೇನೆ.

ಅದಕ್ಕೆ ಮೊದಲು ವಿಎಂಎಸ್ (ಇನ್ನೊಂದು ಹಳೆ ಆಪರೇಟಿಂಗ್ ಸಿಸ್ಟಮ್) ಪಟ್ಟಿಗಳ ಬಾಕಿ ತೀರಿಸಬೇಕು. ಅಲ್ಲಿ ವರ್ಷವೂ ಇದೆ, ಸೆಕೆಂಡೂ ಇದೆ. ಆದರೆ ಪ್ರತಿ ಫೈಲಿನ ಬಾಲಕ್ಕೆ ಸೆಮಿಕೋಲನ್ ಮತ್ತು ಆವೃತ್ತಿ ಸಂಖ್ಯೆ. ಹೆಸರು ಉದ್ದವಾದರೆ ಉಳಿದ ವಿವರ ಮುಂದಿನ ಸಾಲಿಗೆ ಜಿಗಿಯುತ್ತದೆ. ಪಾರ್ಸರ್ ಬರೆದವರು ಯಾರಾದರೂ ಇದ್ದರೆ ಕಳಿಸಿ, ಕಾಫಿ ನನ್ನದು.