ರಿಸಲ್ಟ್ ದಿನ ನಾವೆಲ್ಲ ಶಾಲೇಲಿ

ನಮ್ ತೀರ್ಥಹಳ್ಳಿ ಕಡೆ ಸರ್ಕಾರಿ ಶಾಲೆಗಳಲ್ಲಿ ಏಪ್ರಿಲ್ 10ರ ಹೊತ್ತಿಗೆ ರಿಸಲ್ಟ್ ಕೊಟ್ಟು ಬೇಸಿಗೆ ರಜೆ ಬಿಡ್ತಾರೆ, ಅವತ್ತು ಅಪ್ಪ ಅಮ್ಮಂದಿರನ್ನೂ ಕರೀತಾರೆ. ಈ ಸಲ ಅಡಿಕೆ ಕೆಲಸ ಮುಗಿದಿತ್ತಲ್ಲ, ಗಂಡಸ್ರೂ ಬಂದಿದ್ರು, ಅಮ್ಮಂದಿರು ಪಾನಕ ಕೋಸಂಬರಿ ಮಾಡ್ಕೊಂಡ್ ಬಂದಿದ್ರು, ಮಕ್ಳು ಬರ್ದಿದ್ ಪೇಪರ್ ನಮ್ ಕೈಗೇ ಕೊಟ್ಟು ಮೇಷ್ಟ್ರು ಒಬ್ಬೊಬ್ರ ಹತ್ರಾನೂ ಕೂತು ಮಾತಾಡಿದ್ರು. ಮಗಳು ಓದೋದು ಚೆನ್ನಾಗಿದೆ, ಭಾಗಾಕಾರ ಮಾತ್ರ ರಜೇಲಿ ಸ್ವಲ್ಪ ಕೂರಿಸ್ಕೊಂಡು ಹೇಳ್ಕೊಡಿ ಅಂದ್ರು, ನಂಗೆ ಮಾರ್ಕ್ಸ್‌ಗಿಂತ ಬೇಕಾಗಿದ್ದು ಆ ಮಾತೇ.

ಇನ್ನೊಂದು, ಎಸ್‌ಡಿಎಂಸಿ (ಶಾಲೆ ನೋಡ್ಕೊಳ್ಳೋ ಶಾಲಾಭಿವೃದ್ಧಿ ಸಮಿತಿ) ಇರೋದು ಬರೀ ಸಹಿ ಹಾಕಕ್ಕಲ್ಲ ಕಣ್ರೀ. 2009ರ ಆರ್‌ಟಿಇ (ಶಿಕ್ಷಣದ ಹಕ್ಕು) ಕಾಯ್ದೆ ಪ್ರಕಾರ ಈ ಸಮಿತೀಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸ್ರು. ನಾವು ಬಾಯಿ ಬಿಡ್ಬೇಕು. ಮಳೆ ಹಿಡಿಯೋದ್ರೊಳಗೆ ಶಾಲೆ ಮಾಡಿನ ಹೆಂಚು ಸರಿ ಮಾಡಿಸ್ಬೇಕು ಅಂತ ಅವತ್ತೇ ಮಾತಾಯ್ತು.