ಸ್ಕ್ಯಾನ್ ಮಾಡಿಸಿದರೆ ಗೊತ್ತಾಗಲ್ವಾ?

ನನ್ನ ಅಣ್ಣನಿಗೆ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಈ ಕಾಯಿಲೆ ಇರುವವರ ಮೆದುಳಿನಲ್ಲಿ ಕೆಲವು ಪ್ರೋಟೀನುಗಳೇ ಬದಲಾಗಿರುತ್ತವೆ ಎಂದು ನಾನು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ಹಾಗಾದರೆ ರಕ್ತದಲ್ಲೋ ಸ್ಕ್ಯಾನ್‌ನಲ್ಲೋ ಗೊತ್ತಾಗಬೇಕಲ್ವಾ?’

ಸದ್ಯಕ್ಕೆ ಗೊತ್ತಾಗುವುದಿಲ್ಲ. ಹಾಗಂತ ಬದಲಾವಣೆ ಸುಳ್ಳಲ್ಲ.

ಊಟದಲ್ಲಿ ಪ್ರೋಟೀನ್ ಜಾಸ್ತಿ ಮಾಡಿದರೆ ಸರಿಹೋಗುತ್ತಾ ಎಂದೂ ಕೆಲವರು ಕೇಳುತ್ತಾರೆ. ಇಲ್ಲ. ಇವು ನರಕೋಶಗಳು ತಮ್ಮ ಕೆಲಸಕ್ಕೆ ತಾವೇ ತಯಾರಿಸಿಕೊಳ್ಳುವ ಪ್ರೋಟೀನುಗಳು.

ಕೆಲವು ನರಕೋಶಗಳ ಕೆಲಸವೇ ಉಳಿದವನ್ನು ಹತೋಟಿಯಲ್ಲಿಡುವುದು. ಅದಕ್ಕೆ ಗಾಬಾ ಎಂಬ ರಾಸಾಯನಿಕ ಬೇಕು. ಗಾಬಾ ತಯಾರಿಸುವ ಪ್ರೋಟೀನಿನ ಹೆಸರು ಜಿಎಡಿ67. ತೀರಿಕೊಂಡ ರೋಗಿಗಳ ಮೆದುಳನ್ನು ಪರೀಕ್ಷಿಸಿದಾಗ, ಹಣೆಯ ಹಿಂದಿನ ಭಾಗದಲ್ಲಿ ಇದು ಕಡಿಮೆ ಇರುವುದು ಹಲವು ಸಲ ಕಂಡಿದೆ. ರೀಲಿನ್ ಎಂಬ ಇನ್ನೊಂದು ಪ್ರೋಟೀನ್ ಸುಮಾರು ಅರ್ಧಕ್ಕೆ ಇಳಿದಿದ್ದನ್ನು 1998ರಲ್ಲೇ ವರದಿ ಮಾಡಿದ್ದರು.

ನನ್ನನ್ನು ಬಹಳ ಕಾಡಿದ್ದು ಸಿ4 ಪ್ರೋಟೀನಿನ ಕಥೆ. ಹರೆಯದಲ್ಲಿ ಎಲ್ಲರ ಮೆದುಳೂ ನರಕೋಶಗಳ ನಡುವಿನ ಬೇಡದ ಕೊಂಡಿಗಳನ್ನು ಸವರಿಹಾಕುತ್ತದೆ. ಸವರಬೇಕಾದ ಕೊಂಡಿಗೆ ಗುರುತು ಹಾಕುವುದರಲ್ಲಿ ಸಿ4ಗೆ ಪಾತ್ರವಿದೆ. ಇದರ ಒಂದು ಬಗೆ, ಸಿ4ಎ, ಜಾಸ್ತಿ ತಯಾರಾಗುವಂಥ ಜೀನ್ ಇದ್ದವರಿಗೆ ಸ್ಕಿಜೋಫ್ರೀನಿಯಾ ಬರುವ ಸಾಧ್ಯತೆ ತುಸು ಹೆಚ್ಚು ಎಂದು 2016ರಲ್ಲಿ ಅಮೆರಿಕದ ತಳಿವಿಜ್ಞಾನಿ ಸ್ಟೀವ್ ಮೆಕ್‌ಕರೋಲ್ ಅವರ ತಂಡ ತೋರಿಸಿತು. ಅಣ್ಣ ಹತ್ತೊಂಬತ್ತರಲ್ಲಿ ಪುಸ್ತಕ ಮುಚ್ಚಿಟ್ಟು ಗೋಡೆ ನೋಡುತ್ತಾ ಕೂತಾಗ ನಾವೆಲ್ಲ ಸೋಮಾರಿ ಎಂದು ಬೈದಿದ್ದೆವು. ಆ ಮಾತು ಈಗಲೂ ಚುಚ್ಚುತ್ತದೆ.

ಮತ್ತೆ ಪರೀಕ್ಷೆ ಯಾಕಿಲ್ಲ? ಬದುಕಿರುವವರ ಮೆದುಳಿನ ಚೂರು ತೆಗೆದು ನೋಡಲಾಗುವುದಿಲ್ಲ, ಅಲ್ವಾ? ನರಕೋಶಗಳ ಕೊಂಡಿಯಲ್ಲಿರುವ ಎಸ್‌ವಿ2ಎ ಎಂಬ ಪ್ರೋಟೀನನ್ನು, ರಕ್ತಕ್ಕೆ ತುಸು ವಿಕಿರಣ ವಸ್ತು ಬಿಟ್ಟು ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಅಳೆಯಬಹುದು. ರೋಗಿಗಳ ಗುಂಪಿನಲ್ಲಿ ಅದರ ಸರಾಸರಿ ಕಡಿಮೆಯೂ ಇದೆ. ಆದರೆ ಸರಾಸರಿ ಬೇರೆ, ಎದುರಿಗೆ ಕೂತ ಒಬ್ಬ ಮನುಷ್ಯ ಬೇರೆ. ಎರಡೂ ಗುಂಪಿನವರ ಅಳತೆಗಳು ಒಂದರೊಳಗೊಂದು ಬೆರೆತಿರುತ್ತವೆ.

ಇನ್ನೊಂದು ತೊಡಕೂ ಇದೆ. ಕರಗದೆ ಗಂಟುಕಟ್ಟುವ ಪ್ರೋಟೀನುಗಳನ್ನು ಹುಡುಕಿದ 2019ರ ಒಂದು ಅಧ್ಯಯನದಲ್ಲಿ ಅವು ಹೆಚ್ಚಾಗಿ ಕಂಡದ್ದು ಸುಮಾರು ಅರ್ಧದಷ್ಟು ರೋಗಿಗಳ ಮೆದುಳಿನಲ್ಲಿ ಮಾತ್ರ. ರೋಗಿಗಳು ನುಂಗುವ ಮಾತ್ರೆಯಿಂದ ಹೀಗಾಯಿತಾ ಎಂದು ಇಲಿಗಳಿಗೆ ಅದೇ ಬಗೆಯ ಔಷಧಿ ಕೊಟ್ಟು ನೋಡಿದರು. ಅವುಗಳಲ್ಲಿ ಹಾಗಾಗಲಿಲ್ಲ. ಒಂದೇ ಹೆಸರಿನಡಿ ಹಲವು ಕಾಯಿಲೆಗಳಿವೆ ಎಂದೇ ನನಗನ್ನಿಸುತ್ತದೆ.

ಅಣ್ಣನಿಗೂ ಸ್ಕ್ಯಾನ್ ಮಾಡಿಸಿದ್ದೆವು. ಗೆಡ್ಡೆಯೋ ಮತ್ತೊಂದೋ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕಷ್ಟೇ. ಕಾಯಿಲೆ ಯಾವುದೆಂದು ಡಾಕ್ಟರಿಗೆ ಗೊತ್ತಾಗಿದ್ದು ಅವನ ಪಕ್ಕ ಕೂತು, ಅವನಿಗೆ ಕೇಳಿಸುವ ದನಿಗಳು ಏನು ಹೇಳುತ್ತವೆ ಎಂದು ಸಾವಧಾನವಾಗಿ ಕೇಳಿದ ಮೇಲೆ.