ಕೈಯಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ಓಡಲ್ಲ

ಟರ್ಮಿನಲ್ ತೆರೆದು ಸ್ಕ್ರಿಪ್ಟ್ ಓಡಿಸಿದರೆ ಬ್ಯಾಕಪ್ ಚೆನ್ನಾಗಿ ಬರುತ್ತದೆ. ಅದನ್ನೇ ರಾತ್ರಿ 2 ಗಂಟೆಗೆ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕಮಾಂಡನ್ನು ತಾನಾಗಿ ಓಡಿಸುವ ಪ್ರೋಗ್ರಾಂ) ಹಾಕಿದರೆ ಬೆಳಿಗ್ಗೆ ಫೋಲ್ಡರ್ ಖಾಲಿ, ಇಲ್ಲವೇ 20 ಬೈಟಿನ ಒಂದು ಫೈಲ್. ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿಯಲ್ಲೋ ಸಂಘದಲ್ಲೋ ಮೂಲೆಯ ಉಬುಂಟು ಡೆಸ್ಕ್‌ಟಾಪೇ ಸರ್ವರ್ ಆಗಿದ್ದು, ರಾಶಿ, ಬೆಟ್ಟೆ, ಗೊರಬಲಿನ ಲೆಕ್ಕವೆಲ್ಲ ಅದರೊಳಗೇ ಇದ್ದರೆ ಈ 20 ಬೈಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಫೈಲ್ ಕುಗ್ಗಿಸುವ ಜಿಜಿಪ್‌ಗೆ ಒಳಗೆ ಏನೂ ಬರದಿದ್ದರೂ ಅದು ತಲೆಬಾಲ ಜೋಡಿಸಿ 20 ಬೈಟಿನ ಫೈಲ್ ಮಾಡಿಡುತ್ತದೆ. ಡೇಟಾಬೇಸಿನ ಪ್ರತಿ ತೆಗೆಯುವ ಮೈಎಸ್‌ಕ್ಯೂಎಲ್ ಡಂಪ್ ಪಾಸ್‌ವರ್ಡ್ ಸಿಗದೆ ಅಲ್ಲೇ ಬಿದ್ದಿರುತ್ತದೆ, ಆದರೆ ಪೈಪ್ ಹಾಕಿ ಒಂದರ ಫಲವನ್ನು ಇನ್ನೊಂದಕ್ಕೆ ಕೊಟ್ಟಾಗ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ನೋಡುವುದು ಕೊನೆಯ ಕಮಾಂಡಿನ ಎಕ್ಸಿಟ್ ಕೋಡನ್ನು ಮಾತ್ರ; ಸೊನ್ನೆ ಎಂದರೆ ಗೆದ್ದಿತು, ಬೇರೆ ಅಂಕಿ ಎಂದರೆ ಸೋತಿತು. ಜಿಜಿಪ್ ಸೊನ್ನೆ ಕೊಟ್ಟಿತು, ಅಂದರೆ ಎಲ್ಲ ಸರಿ! ಅದರ ಕೆಳಗೇ 7 ದಿನಕ್ಕಿಂತ ಹಳೆಯ ಫೈಲ್ ಅಳಿಸುವ ಸಾಲು ಇದ್ದರೆ ಅದೂ ತಪ್ಪದೆ ಓಡುತ್ತದೆ. ವಾರ ಕಳೆಯುವಷ್ಟರಲ್ಲಿ ಒಳ್ಳೆಯ ಬ್ಯಾಕಪ್ ಒಂದೂ ಉಳಿದಿರುವುದಿಲ್ಲ. ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ ಪೈಪ್‌ಫೇಲ್ ಸೆಟ್ ಮಾಡಿ (set -o pipefail), ಆಗ ಪೈಪಿನ ಯಾವ ಕಮಾಂಡ್ ಸೋತರೂ ಗೊತ್ತಾಗುತ್ತದೆ. ಡಂಪ್ ಗೆದ್ದರೆ ಮಾತ್ರ ಹಳೆಯದನ್ನು ಅಳಿಸಿ.

ಪೈಪ್‌ಫೇಲ್‌ಗೆ ಬ್ಯಾಶ್ ಬೇಕು. ಕ್ರಾನ್ ಓಡಿಸುವುದು ಬಿನ್‌ನಲ್ಲಿರುವ ಎಸ್‌ಎಚ್ ಶೆಲ್ (/bin/sh), ಉಬುಂಟುವಿನಲ್ಲಿ ಅದು ಡ್ಯಾಶ್ ಎಂಬ ಬೇರೆ ಶೆಲ್. ಮೊದಲ ಸಾಲಿನಲ್ಲಿ ಬ್ಯಾಶ್ ಎಂದು ಬರೆದಿದ್ದರೂ ಕ್ರಾನ್‌ಟ್ಯಾಬಿನಲ್ಲಿ (ಕ್ರಾನ್ ಜಾಬುಗಳ ಪಟ್ಟಿ) ಸ್ಕ್ರಿಪ್ಟಿನ ಹೆಸರಿಗೆ ಮುಂಚೆ ಎಸ್‌ಎಚ್ ಸೇರಿಸಿದರೆ ಆ ಸಾಲಿಗೆ ಬೆಲೆಯೇ ಇಲ್ಲ.

ತಪ್ಪು ಹುಡುಕುವ ಮೊದಲು ಕ್ರಾನ್ ಸಾಲಿನ ಕೊನೆಗೆ >> ಹಾಕಿ ಲಾಗ್ ಫೈಲಿನ ಹೆಸರು ಕೊಟ್ಟು, ಎರರ್‌ಗಳೂ ಅದರೊಳಗೇ ಬೀಳಲು ಹೆಸರಿನ ನಂತರ 2>&1 ಹಾಕಿ. ಇಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ. ‘ಕಮಾಂಡ್ ನಾಟ್ ಫೌಂಡ್’ ಎಂದು ಬಂದರೆ ಪಾತ್ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿ) ಕಾರಣ. ಲಾಗಿನ್ ಆದಾಗ ಬ್ಯಾಶ್ ಓದುವ ಫೈಲುಗಳನ್ನು ಕ್ರಾನ್ ಮುಟ್ಟುವುದೇ ಇಲ್ಲ, ಅದಕ್ಕೆ ಸಾಮಾನ್ಯವಾಗಿ ಗೊತ್ತಿರುವುದು ಎರಡೇ ಬಿನ್ ಫೋಲ್ಡರ್ (/usr/bin, /bin). ಕಮಾಂಡಿಗೂ ಫೈಲಿಗೂ ಪೂರ್ತಿ ದಾರಿ ಬರೆಯಿರಿ. ರಾತ್ರಿವರೆಗೆ ಕಾಯಲೂ ಬೇಕಿಲ್ಲ: ಎನ್ವ್ ಕಮಾಂಡಿಗೆ ಐ ಆಪ್ಷನ್ ಕೊಟ್ಟು (env -i) ಟರ್ಮಿನಲ್‌ನ ಸೆಟ್ಟಿಂಗುಗಳನ್ನೆಲ್ಲ ತೆಗೆದು, ಹೋಮ್ ಮತ್ತು ಪಾತ್ ಎರಡನ್ನೇ ಸೇರಿಸಿ ಸ್ಕ್ರಿಪ್ಟ್ ಓಡಿಸಿದರೆ ಕ್ರಾನ್‌ನಲ್ಲಿ ಬೀಳುವುದು ಬಹುಪಾಲು ಇಲ್ಲೇ ಬೀಳುತ್ತದೆ.

‘ಆಕ್ಸೆಸ್ ಡಿನೈಡ್’ ಬಂದರೆ ಜಾಬ್ ಯಾರ ಹೆಸರಿನಲ್ಲಿ ಓಡುತ್ತಿದೆ ನೋಡಿ. ಪಾಸ್‌ವರ್ಡ್ ಫೈಲ್ ನಿಮ್ಮ ಹೋಮಿನಲ್ಲಿದೆ, ಜಾಬ್ ರೂಟ್‌ನ (ಮಷೀನಿನ ಮುಖ್ಯ ಖಾತೆ) ಕ್ರಾನ್‌ಟ್ಯಾಬಿನಲ್ಲಿದೆ ಎಂದಾದರೆ ಅದು ಹುಡುಕುವುದು ರೂಟ್‌ನ ಹೋಮಿನಲ್ಲಿ. ಮೈಎಸ್‌ಕ್ಯೂಎಲ್ ಡಂಪಿನ ಡಿಫಾಲ್ಟ್ಸ್ ಎಕ್ಸ್‌ಟ್ರಾ ಫೈಲ್ ಆಪ್ಷನ್‌ನಿಂದ (--defaults-extra-file) ಫೈಲಿನ ದಾರಿ ತೋರಿಸಬಹುದು, ಆದರೆ ಅದು ಎಲ್ಲ ಆಪ್ಷನ್‌ಗಳಿಗಿಂತ ಮೊದಲು ಬರಬೇಕು. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ಅದರ ಪಾಸ್‌ವರ್ಡ್ ಇಡುವ ಪಿಜಿಪಾಸ್ ಫೈಲಿನ ಪರ್ಮಿಷನ್ 600 (ನಿಮಗೊಬ್ಬರಿಗೇ ಓದುಬರಹ) ಇರಲಿ. ಗುಂಪಿಗೋ ಇತರರಿಗೋ ಓದಲು ಬಿಟ್ಟಿದ್ದರೆ ಅದು ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಫೈಲಿನ ಹೆಸರಿಗೆ ತಾರೀಕು ಸೇರಿಸಲು ಕ್ರಾನ್ ಸಾಲಿನಲ್ಲೇ % ಬರೆದಿದ್ದರೆ ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. ಕ್ರಾನ್‌ಗೆ % ಎಂದರೆ ಹೊಸ ಸಾಲು. % ಗೆ ಮುಂಚೆ \ ಹಾಕಿ, ಇಲ್ಲವೇ ತಾರೀಕನ್ನು ಸ್ಕ್ರಿಪ್ಟಿನ ಒಳಗೇ ಬರೆಯಿರಿ, ಅಲ್ಲಿ ಈ ತೊಂದರೆಯಿಲ್ಲ. ಸ್ಕ್ರಿಪ್ಟನ್ನು ಕ್ರಾನ್ ಡೈಲಿ ಫೋಲ್ಡರಿಗೆ ಹಾಕುವವರು ಹೆಸರಿನಲ್ಲಿ ಚುಕ್ಕಿ ಇರದಂತೆ ನೋಡಿಕೊಳ್ಳಿ; ಉಬುಂಟುವಿನಲ್ಲಿ ಚುಕ್ಕಿ ಇರುವ ಫೈಲ್ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕ್ಲೌಡ್ ಸರ್ವರಿನ ಗಡಿಯಾರ ಯುಟಿಸಿಯಲ್ಲಿದ್ದರೆ ನೀವು ಬರೆದ 2 ಗಂಟೆ ನಮ್ಮ ಬೆಳಿಗ್ಗೆ 7:30.

ಲಾಗ್ ಫೈಲೇ ಹುಟ್ಟಿಲ್ಲ ಎಂದರೆ ಆ ಹೊತ್ತಿಗೆ ಮಷೀನ್ ಆನ್ ಇತ್ತೇ ಎಂದು ಮೊದಲು ಕೇಳಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಇಳಿಸಿ, ಕೇಬಲ್ ಕಿತ್ತಿಟ್ಟು ಹೋಗುತ್ತಾರೆ. ಹಾಗೆ ಮಾಡುವುದೇ ಸರಿ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಯುಪಿಎಸ್ ಬೆಳಗಿನವರೆಗೆ ತಡೆಯುವುದಿಲ್ಲ. ತಪ್ಪಿದ ಜಾಬನ್ನು ಕ್ರಾನ್ ಮತ್ತೆ ಓಡಿಸುವುದಿಲ್ಲ. ಹಾಗಾಗಿ ಇಲ್ಲಿ ರಾತ್ರಿ 2 ಗಂಟೆಯ ಆಸೆ ಬಿಟ್ಟು ಮಧ್ಯಾಹ್ನ ಊಟದ ಹೊತ್ತಿಗೆ ಇಡುವುದು ಒಳ್ಳೆಯದು. ಟೇಬಲ್‌ಗಳು ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಟೇಬಲ್‌ಗಳ ಒಂದು ಬಗೆ) ಆಗಿದ್ದರೆ ಡಂಪಿಗೆ ಸಿಂಗಲ್ ಟ್ರಾನ್ಸಾಕ್ಷನ್ ಆಪ್ಷನ್ ಕೊಡಿ, ಬಿಲ್ಲಿಂಗ್ ನಿಲ್ಲಿಸದೆಯೇ ಬ್ಯಾಕಪ್ ಆಗುತ್ತದೆ. ರಾತ್ರಿಯೇ ಬೇಕೆಂದರೆ ಕ್ರಾನ್ ಬದಲು ಉಬುಂಟುವಿನಲ್ಲೇ ಇರುವ ಸಿಸ್ಟಮ್‌ಡಿ ಟೈಮರ್ ಬಳಸಿ, ಅದರಲ್ಲಿ ಪರ್ಸಿಸ್ಟೆಂಟ್ ಆನ್ ಮಾಡಿ: ತಪ್ಪಿದ ಬ್ಯಾಕಪ್ ಬೆಳಿಗ್ಗೆ ಮಷೀನ್ ಹಾಕಿದ ಕೂಡಲೇ ಓಡುತ್ತದೆ. ಡೇಟಾಬೇಸ್ ಏಳುವ ಮೊದಲೇ ಓಡಿ 2002ನೇ ಎರರ್ (ಡೇಟಾಬೇಸ್ ಸಿಗುತ್ತಿಲ್ಲ) ಕೊಡದಿರಲು ಸರ್ವೀಸ್ ಫೈಲಿನ ಆಫ್ಟರ್ ಸಾಲಿನಲ್ಲಿ ಮೈಎಸ್‌ಕ್ಯೂಎಲ್ ಸರ್ವೀಸಿನ ಹೆಸರಿರಲಿ.

ಫೈಲ್ ಬಂದ ಮೇಲೆ ಅದನ್ನು ಬಿಚ್ಚಿ ಕೊನೆಯ ಸಾಲು ನೋಡಿ. ಮೈಎಸ್‌ಕ್ಯೂಎಲ್ ಡಂಪ್ ಪೂರ್ತಿಯಾಗಿದ್ದರೆ ಅಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಟಿಪ್ಪಣಿ ಇರುತ್ತದೆ. ಮಂಡಿಗೆ ರಜೆಯಿರುವ ದಿನ ಆ ಫೈಲನ್ನು ಬೇರೊಂದು ಖಾಲಿ ಡೇಟಾಬೇಸಿಗೆ ಇಳಿಸಿ, ಬ್ಯಾಕಪ್ ಆಗುವ ಮೊದಲು ಹಾಕಿದ ಕೊನೆಯ ಬಿಲ್ಲಿನ ನಂಬರ್ ಅದರಲ್ಲಿದೆಯೇ ಹುಡುಕಿ.